ಕ್ಯಾಲೆಂಡರಿನ ಲಕ್ಷ್ಮಿ, ಆಫ್ರಿಕಾದ ನೀರವ್ವ

ದೀಪಾವಳಿಗೆ ಮನಿ ಸ್ವಚ್ಛ ಮಾಡೋ ಮುಂದ ನಮ್ಮಲ್ಲೆ ಪ್ರತಿ ವರ್ಷ ಒಂದ ಜಗಳ ಇದ್ದದ್ದ. ಹಳೇ ಕ್ಯಾಲೆಂಡರ್ ಏನು ಮಾಡಬೇಕು ಅಂತ. ನಮ್ಮನಿಯವರು ರದ್ದಿಗೆ ಹಾಕು ಅಂತಾರ. ನಾ ಹಾಕಂಗಿಲ್ಲ. ಅದರ ಮ್ಯಾಲೆ ಲಕ್ಷ್ಮಿ ಇರತಾಳ, ವೆಂಕಟರಮಣ ಇರತಾನ, ಅವರನ್ನ ರದ್ದಿಯವನ ತಕ್ಕಡ್ಯಾಗ ಹ್ಯಾಂಗ ಇಡೋದು? ನಮ್ಮವ್ವ ಕಲಿಸಿದ್ದು ಎರಡ ದಾರಿ. ಚಿತ್ರ ಛಲೋ ಇದ್ರ ಕೆಳಗಿನ ತಾರೀಖಿನ ಹಾಳಿ ಕತ್ತರಿಸಿ, ಫ್ರೇಮ್ ಹಾಕಿಸಿ ದೇವರ ಮನ್ಯಾಗ ಮೊಳಿಗೆ ತೂಗಹಾಕಬೇಕು. ಹರದಿದ್ರ, ಬಣ್ಣ ಹೋಗಿದ್ರ, ನೀರಾಗ ಬಿಡಬೇಕು. ನಿಮ್ಮ ಮನ್ಯಾಗೂ ಇದ ಪದ್ಧತಿ ಇದ್ದೀತು.

ನಮ್ಮ ಅತ್ಯಾನ ಮನ್ಯಾಗ ಹಂತಾದ್ದೊಂದು ಗಜಲಕ್ಷ್ಮಿ ಅದ. ಅತ್ಯಾ ಅಂದ್ರ ನಮ್ಮಪ್ಪನ ತಂಗಿ. ನಾ ಪರಕರ ಉಡೋವಾಗಿಂದ ಆ ಚಿತ್ರ ನೋಡಕೋತ ಬಂದೇನಿ. ಕಮಲದ ಮ್ಯಾಲೆ ನಿಂತಾಳ, ಕೆಳಗ ನೀರು, ಎರಡೂ ಕಡೆ ಆನಿ, ಕೈಯಿಂದ ರೊಕ್ಕ ಸುರೀಲಿಕತ್ತಾವ. ಯಾವದೋ ಅರಿವಿ ಅಂಗಡಿಯವರು ಕೊಟ್ಟ ಕ್ಯಾಲೆಂಡರು. ಆ ವರ್ಷ ಮುಗದು ಐವತ್ತ ವರ್ಷ ಆತು, ಲಕ್ಷ್ಮಿ ಮಾತ್ರ ಅಲ್ಲೇ ಇದ್ದಾಳ. ಅತ್ಯಾ ದಿನಾ ಮುಂಜಾನೆ ಆಕಿಗೆ ಒಂದು ಹೂವು ಏರಸತಾಳ. ಅತ್ಯಾಗ ಮಕ್ಕಳಿಲ್ಲ. ಇದನ್ನ ಈಗ ಯಾಕ ಹೇಳಲಿಕತ್ತೇನಿ ಅನ್ನೋದು ಕಡೀಕ ತಿಳೀತದ.

ಆ ಲಕ್ಷ್ಮಿನ್ನ ನಾ ಇನ್ನೊಮ್ಮೆ ನೋಡಿದ್ದು ಅಮೇರಿಕಾದಾಗ. ಮಗಳ ಬಾಣಂತನಕ್ಕ ಹೋಗಿದ್ದೆ. ಒಂದು ದಿನ ಅಳಿಯ ಕೂಸಿನ್ನ ಸಂಭಾಳಿಸತೇನಿ ನೀವು ಹೊರಗ ಹೋಗಿ ಬರ್ರಿ ಅಂದ. ಮಗಳು ನನ್ನ ಒಂದು ಮ್ಯೂಸಿಯಮ್ಮಿಗೆ ಕರಕೊಂಡು ಹೋದ್ಲು. ಅಲ್ಲೆ ಆಫ್ರಿಕಾದ ಕಡೆದು ಒಂದು ದೇವರ ಜಗಲಿ ಇದ್ದಂಗ ಜೋಡಿಸಿ ಇಟ್ಟಿದ್ರು. ಬಿಳೇ ಅರಿವಿ ಹಾಸಿ, ಮ್ಯಾಲೆ ಪೌಡರ್ ಡಬ್ಬಿ, ಅತ್ತರದ ಬಾಟಲಿ, ಹಣಿಗಿ, ಕನ್ನಡಿ, ತಂಪ ಕುಡಿಯೋ ಶರಬತ್ತಿನ ಶೀಶೆ. ಹಿಂದಿನ ಗೋಡಿಗೆ ಒಂದು ಚಿತ್ರ. ಕಮಲ, ಆನಿ, ರೊಕ್ಕ. ಅಗದಿ ನಮ್ಮ ಅತ್ಯಾನ ಮನಿದs!

ನಾ ಅಲ್ಲೇ ನಿಂತುಬಿಟ್ಟೆ. "ಇಕಿನ್ನ ಇಲ್ಲೆ ಯಾರು ತಂದ್ರವಾ?" ಅಂತ ಮಗಳಿಗೆ ಕೇಳಿದೆ. ಮಗಳು ಫಲಕ ಓದಿ ಹೇಳಿದ್ಲು, "ಅಮ್ಮಾ, ಇಕಿ ಇಲ್ಲೆ ಲಕ್ಷ್ಮಿ ಅಲ್ಲ. ಮಾಮಿ ವಾಟಾ." ನಾ ಅಂದೆ, "ಯಾರ ಮಾಮಿ?"

ಮನಿಗೆ ಬಂದ ಮ್ಯಾಲೂ ಆ ಮಾಮಿ ನನ್ನ ತಲಿಯೊಳಗಿಂದ ಹೋಗಲಿಲ್ಲ. ಕೂಸು ಮಲಕೊಂಡಾಗೆಲ್ಲಾ ಮಗಳಿಗೆ ಗಂಟ ಬಿದ್ದು ಓದಿಸಿಕೊಂಡೆ. ಊರಿಗೆ ಬಂದ ಮ್ಯಾಲೂ ಹುಡುಕಿ ಹುಡುಕಿ ಓದಿದೆ. ನಮ್ಮ ಅಡಗಿ ಮನಿ ಗೋಡಿಯ ಚಿತ್ರ ಸಮುದ್ರ ದಾಟಿ ಇನ್ನೊಬ್ಬರ ನೀರಿನ ದೇವತಿ ಆದ ಕಥಿ ಇದು. ಕಟ್ಟಿದ್ದಲ್ಲ, ಖರೇ ನಡದದ್ದು. ಕೇಳ್ರೆವಾ.

ಮಾಮಿ ಅಂದ್ರ ಅವ್ವ, ವಾಟಾ ಅಂದ್ರ ನೀರು. ಪಶ್ಚಿಮ ಆಫ್ರಿಕಾದ ಕಡಲ ದಂಡಿ ಮ್ಯಾಲೆ ಇಂಗ್ಲೀಷಿನವರ ಜೋಡಿ ವ್ಯಾಪಾರ ಮಾಡಕೋತ ಒಂದು ಬೆರಕಿ ಇಂಗ್ಲೀಷು ಹುಟ್ಟಿತು, ಪಿಜಿನ್ ಅಂತಾರ ಅದಕ್ಕ. ಆ ಮಾತಿನ ಹೆಸರಿದು. ನಮ್ಮ ಬಾಯಾಗ ಹೇಳಬೇಕಂದ್ರ ನೀರವ್ವ. ಸೆನೆಗಲ್‌ದಿಂದ ಹಿಡದು ಕೆಳಗ ಕಾಂಗೋ, ಅಂಗೋಲಾ ತನಕ ಆಕಿ ಹೆಸರು ನಡೀತದ.

ಹೆಸರು ಹೊಸಾದು, ದೇವತಿ ಮಾತ್ರ ಹಳಬಳು. ನಮ್ಮಲ್ಲೆ ಹೊಳಿಗೊಂದು, ಕೆರಿಗೊಂದು, ಬಾವಿಗೊಂದು ಅವ್ವ ಇದ್ದಂಗ ಅಲ್ಲೂ ಒಂದೊಂದು ನೀರಿಗೆ ಒಂದೊಂದು ದೇವತಿ ಮೊದಲಿಂದ ಇದ್ರು. ನೈಜೀರಿಯಾದ ಓಸೊಗ್ಬೊ ಊರಾಗ ಓಶುನ್ ಅನ್ನೋ ಹೊಳಿ ದೇವತಿದು ಒಂದು ದೊಡ್ಡ ಕಾಡು ಅದ. ದೇವರ ಕಾಡು, ಗಿಡ ಕಡಿಯಂಗಿಲ್ಲ. 2005ರಾಗ ಯುನೆಸ್ಕೋದವರು ಅದನ್ನ ವಿಶ್ವ ಪರಂಪರೆಯ ಜಾಗ ಅಂತ ಸಾರಿದ್ರು. ಪ್ರತಿ ಆಗಸ್ಟ್ ತಿಂಗಳಾಗ ಅಲ್ಲೆ ಜಾತ್ರಿ. ಹೆಣಮಕ್ಕಳು ಮಕ್ಕಳ ಫಲ ಬೇಡಲಿಕ್ಕೆ ಓಶುನ್ ಹೊಳಿಗೆ ಹೋಗತಾರ. ಹಿಂತಾ ಊರೂರಿನ ದೇವತೇರಿಗೆಲ್ಲಾ ಬರಬರತ ಮಾಮಿ ವಾಟಾ ಅನ್ನೋ ಒಂದ ಹೆಸರು ಅಂಟಿಕೋತು. ನಮ್ಮಲ್ಲೆ ಬಾವಿ ನೀರಿಗೂ ಗಂಗವ್ವ, ನಳದ ನೀರಿಗೂ ಗಂಗವ್ವ ಅಂತೇವಲ್ಲಾ, ಹಂಗ.

ಆಕಿ ಭಾಳ ಛಂದ ಇರತಾಳಂತ. ಉದ್ದನ ಕೂದಲಾ, ಕೈಯಾಗ ಕನ್ನಡಿ, ಹಣಿಗಿ. ಕೆಲವರು ಸೊಂಟದ ಕೆಳಗ ಮೀನ ಅಂತಾರ, ಕೆಲವರು ಕೊಳ್ಳಾಗ ಹಾವು ಅಂತಾರ. ಒಲದ್ರ ರೊಕ್ಕ, ರೂಪ, ಒಳ್ಳೆ ವ್ಯಾಪಾರ ಕೊಡತಾಳ. ಮುನದ್ರ ನೀರಾಗ ಎಳಕೋತಾಳ. ಕನಸಿನ್ಯಾಗ ಬರತಾಳ. ಡಾಕ್ಟರಿಗೆ ತಿಳೀಲಾರದ ಜಡ್ಡು ಬಂದವರಿಗೆ, ಮನಸ್ಸು ನೆಟ್ಟಗಿಲ್ಲದವರಿಗೆ, ಮಕ್ಕಳಾಗಲಾರದವರಿಗೆ, ಆಕಿ ನಿನ್ನ ಕರೀಲಿಕತ್ತಾಳ ಅಂತ ಅಲ್ಲಿನ ಹಿರೇರು ಹೇಳತಾರ. ಹಂಗ ಕರೆ ಬಂದಾಕಿ ದೀಕ್ಷಾ ತಗೊಂಡು ಪೂಜಾರ್ತಿ ಆಗಬಹುದು. ಆಮ್ಯಾಲೆ ಆಕಿನ ಉಳಿದವರ ಜಡ್ಡು ನೋಡತಾಳ, ಮಂದಿ ಆಕಿ ಕಡೆ ಬರತಾರ. ಅಲ್ಲೀ ತನಕ ಮೂಲ್ಯಾಗ ಕೂತಾಕಿಗೆ ಒಂದು ಜಾಗ ಸಿಗತದ.

ಇನ್ನ ಚಿತ್ರದ ಮಾತಿಗೆ ಬರೋಣು. ಮೀನಿನ ಬಾಲದ ಹೆಂಗಸಿನ ರೂಪ ಆ ಕಡಲಿಗೆ ಬಂದದ್ದು ಪೋರ್ಚುಗೀಸರ ಹಡಗಿನ ಜೋಡಿ, ಹದಿನೈದನೇ ಶತಮಾನದಾಗ. ಹಡಗಿನ ಮೂತಿಗೆ ಹೆಂಗಸಿನ ಗೊಂಬಿ ಕೂಡಸೋದು ಯುರೋಪಿನವರ ರೂಢಿ. ಈಗಿನ ಸಿಯೆರಾ ಲಿಯೋನ್ ಕಡೆಯ ಸಾಪಿ ಅನ್ನೋ ಮಂದಿ ಆನಿ ದಂತದಾಗ ಭಾಳ ನಾಜೂಕು ಕೆತ್ತನಿ ಮಾಡತಿದ್ರು. ಪೋರ್ಚುಗೀಸರ ಸಲುವಾಗಿ ಉಪ್ಪಿನ ಭರಣಿ ಕೆತ್ತಿಕೊಡೋವಾಗ ಸುಮಾರು 1500ರ ಹೊತ್ತಿಗೇ ಅದರ ಮ್ಯಾಲೆ ಮೀನಿನ ಬಾಲದ ಹೆಂಗಸು ಬಂದುಬಿಟ್ಟಿದ್ಲು. ಊಟಕ್ಕ ಕೂತವರು ಉಪ್ಪು ತಗೊಳ್ಳೋ ಭರಣಿ ಮ್ಯಾಲೆ ನೀರವ್ವ!

ಹಾವಿನ ಹೆಂಗಸು ಬಂದದ್ದು ಭಾಳ ತಡಾ ಆಗಿ, ಜರ್ಮನಿಯ ಹ್ಯಾಂಬರ್ಗ್ ಊರಿಂದ. ಹ್ಯಾಂಬರ್ಗ್ ದೊಡ್ಡ ಬಂದರಾ. ಅಲ್ಲೆ ಕಾರ್ಲ್ ಹಾಗೆನ್‌ಬೆಕ್ ಅಂತ ಒಬ್ಬ ವ್ಯಾಪಾರಿ ಇದ್ದ. ದೂರ ದೇಶದಿಂದ ಹುಲಿ, ಆನಿ, ಜಿರಾಫೆ ತರಿಸಿ ಸರ್ಕಸ್ಸಿನವರಿಗೆ, ಪ್ರಾಣಿ ಸಂಗ್ರಹಾಲಯದವರಿಗೆ ಮಾರತಿದ್ದ. 1870ರ ದಶಕದಿಂದ ಮನಷ್ಯಾರನ್ನೂ ಕರಕೊಂಡು ಬಂದು ಟಿಕೀಟ್ ಇಟ್ಟು ತೋರಸಲಿಕ್ಕೆ ಶುರು ಮಾಡಿದ. ಕರೀ ಮಂದಿ, ಕಂದು ಮಂದಿ, ಅವರ ಗುಡಸಲಾ, ಅವರ ಕುಣತಾ, ಬಿಳೇ ಮಂದಿ ನಿಂತು ನೋಡೋದು. ಹಂತಾ ಪ್ರದರ್ಶನದಾಗ ಹಾವು ಆಡಸೋ ಒಬ್ಬಾಕಿ ಇದ್ಲು. ಮಲದಮತ್ಯೌಟೆ ಅನ್ನೋದು ಆಕಿಯ ರಂಗದ ಹೆಸರು. 1880ರ ದಶಕದಾಗ ಆಕಿಯ ಚಿತ್ರದ ಪೋಸ್ಟರು ಹ್ಯಾಂಬರ್ಗಿನ ಫ್ರೀಡ್‌ಲೆಂಡರ್ ಛಾಪಖಾನಿಯೊಳಗ ಬಣ್ಣಬಣ್ಣದಾಗ ಅಚ್ಚಾತು.

ಆ ಚಿತ್ರ ನಾ ನೋಡೇನಿ. ಕರೇ ದಟ್ಟ ಕೂದಲಾ ನಡುವ ಬೈತಲಿ ತಗದು ಎರಡೂ ಕಡೆ ಹರವಿಕೊಂಡಾಳ. ಕೊಳ್ಳಿಗೆ, ಮೈಗೆ ಹಾವು ಸುತ್ತಿಕೊಂಡದ, ಇನ್ನೊಂದನ್ನ ಕೈಯಾಗ ಎತ್ತಿ ಹಿಡದಾಳ. ಕೈಗೆ ಬಳಿ, ಕೊಳ್ಳಾಗ ಒಡವಿ, ಕಣ್ಣು ನೆಟ್ಟಗ ನಮ್ಮನ್ನ ನೋಡತಾವ. ಬಾಜೂಕ ಸಣ್ಣ ಚೌಕಟ್ಟಿನ್ಯಾಗ ಒಂದು ಹುಡುಗ ಪುಂಗಿ ಊದತದ. ಮುಖ್ಯ ಮಾತಂದ್ರ, ಆಕಿಯ ಕಾಲು ಚಿತ್ರದಾಗ ಇಲ್ಲ. ಮ್ಯಾಲಿನ ಮೈ ಅಷ್ಟ ಬರದಾರ.

ಈ ಪೋಸ್ಟರನ್ನ ಹಡಗಿನವರು ಆಫ್ರಿಕಾದ ಬಂದರಿಗೆ ಒಯ್ದರು. ಅಲ್ಲಿನವರು ನೋಡಿದ್ರು. ಹಾವಿಗೆ ಹೆದರಲಾರದ ಹೆಂಗಸು. ನಮ್ಮವಳಲ್ಲ, ಸಮುದ್ರದ ಆಚೆಯವಳು. ಉದ್ದನ ಕೂದಲಾ. ಕಾಲು ಕಾಣಸಂಗಿಲ್ಲ, ಅಂದ್ರ ಅವು ನೀರಾಗ ಇರಬೇಕು. ಮತ್ತಿನ್ನ ಯಾರಿಕಿ? ನಮ್ಮ ನೀರವ್ವನ ಅಂದ್ರು. 1901ರಾಗ ನೈಜರ್ ನದಿ ಕಡಲಿಗೆ ಸೇರೋ ಕಡೆ ಬಾನಿ ಅನ್ನೋ ಊರಾಗ ತಗದದ್ದೊಂದು ಫೋಟೋ ಅದ. ಅದರಾಗ ಕುಣಿಯವನ ತಲಿ ಮ್ಯಾಲಿನ ಕಟ್ಟಿಗಿ ಗೊಂಬಿ ಆ ಹಾವಿನ ಹೆಂಗಸಿನದs. ಹದಿನೈದು ಇಪ್ಪತ್ತ ವರ್ಷದೊಳಗ ಸರ್ಕಸ್ಸಿನ ಪೋಸ್ಟರು ದೇವರ ಮೂರ್ತಿ ಆಗಿತ್ತು.

ಇದನ್ನ ಓದಿದ ರಾತ್ರಿ ನಂಗ ಆ ಹಾವಿನ ಹೆಂಗಸಿಂದ ವಿಚಾರ ಹತ್ತಿತು. ಒಂದು ದೇಶದಾಗ ಆಕಿನ್ನ ಟಿಕೀಟ್ ತಗೊಂಡು ನೋಡಿದ್ರು. ಇನ್ನೊಂದು ದೇಶದಾಗ ಹೂವು ಏರಿಸಿ ಕೈ ಮುಗದ್ರು. ಆಕಿಗೆ ಇದು ಗೊತ್ತಾಗಿರಲಿಕ್ಕಿಲ್ಲ.

ಈಗ ನಮ್ಮ ದೇಶದ ಪಾಳಿ. ಪೋಸ್ಟರು ಹಳೇದಾದ್ವು, ಹರದ್ವು, ಬೇಡೋ ಮಂದಿ ಮಾತ್ರ ಹೆಚ್ಚಾದ್ರು. ಘಾನಾ ದೇಶದ ಕುಮಾಸಿ ಊರಿನ ವ್ಯಾಪಾರಸ್ಥರು ಒಂದು ಹಳೇ ಪ್ರತಿ ಮುಂಬೈಗೆ ಕಳಿಸಿ, ಹಿಂಗ ಛಾಪಿಸಿ ಕೊಡ್ರಿ ಅಂದ್ರು. 1955ರಾಗ ಮುಂಬೈಯ ಶ್ರೀರಾಮ್ ಕ್ಯಾಲೆಂಡರ್ ಕಂಪನಿ ಒಂದು ಗೆರಿನೂ ಬದಲು ಮಾಡಲಾರದ ಅದನ್ನ ಮತ್ತ ಅಚ್ಚು ಹಾಕಿ 12,000 ಪ್ರತಿ ಆಫ್ರಿಕಾಕ್ಕ ಕಳಿಸಿತು. ನಮ್ಮ ಗೋಡಿಗೆ ಲಕ್ಷ್ಮಿ, ಸರಸ್ವತಿ ಛಾಪಿಸಿ ಕೊಡೋ ಊರಿನ್ಯಾಗ, ಅವರ ಗೋಡಿಗೆ ನೀರವ್ವ ಛಾಪ ಆದ್ಲು.

ಅದಕ್ಕೂ ಮೊದಲ ಸಿಂಧಿ ವ್ಯಾಪಾರಸ್ಥರು ಆ ಕಡೆ ಅರಿವಿ ಅಂಗಡಿ ತಗದಿದ್ರು. ಇಡೀ ಜಗತ್ತಿನ್ಯಾಗ ಸಿಂಧಿ ಅಂಗಡಿಯವರು ಇರದ ಬಂದರಾ ಇಲ್ಲ ಅಂತಾರಲ್ಲಾ, ಹಂಗ. ಅವರ ಅಂಗಡಿ ಗಲ್ಲೆ ಹಿಂದ ಲಕ್ಷ್ಮಿ ಚಿತ್ರ, ಅದಕ್ಕ ಊದಿನಕಡ್ಡಿ. ಅಲ್ಲಿನ ಮಂದಿ ಅರಿವಿ ತಗೊಳ್ಳಿಕ್ಕೆ ಬಂದವರು ನೋಡಿದ್ರು. ಈ ಮಂದಿ ಸಮುದ್ರ ದಾಟಿ ಬಂದಾರ, ಇವರ ಕಡೆ ರೊಕ್ಕ ಅದ, ಇವರ ಹಿಂದ ನೀರಾಗ ನಿಂತ ಒಬ್ಬ ಹೆಂಗಸಿದ್ದಾಳ, ಆಕಿ ಕೈಯಿಂದ ನಾಣ್ಯ ಉದರತಾವ. ಲೆಕ್ಕ ಕೂಡಿತು. ಹಿಂದೀ ಸಿನೆಮಾನೂ ಬಂದ್ವು, ಕ್ಯಾಲೆಂಡರೂ ಬಂದ್ವು. ಟೋಗೋ, ಬೆನಿನ್ ದೇಶದ ಕಡಲ ದಂಡಿ ಊರೊಳಗ ಈವೆ, ಮಿನಾ ಅನ್ನೋ ಜನಾಂಗದವರ ಗುಡಿಯೊಳಗ ನಮ್ಮ ದೇವರ ಚಿತ್ರಪಟಗಳು ಹಂಗ ಸೇರಿಕೊಂಡ್ವು.

ಅವರು ಚಿತ್ರ ನೋಡೋದು ಭಾಳ ಬಾರೀಕ. ಯಾವ ಕೈಯಾಗ ಏನದ, ಕಾಲ ಕೆಳಗ ಯಾವ ಪ್ರಾಣಿ ಅದ, ಎದುರಿಗೆ ಏನು ಇಟ್ಟಾರ, ಎಲ್ಲಾ ನೋಡಿ ಆ ದೇವರಿಗೆ ಏನು ಸೇರತದ ಅಂತ ತಿಳಕೊಂಡು ಅದನ್ನ ನೈವೇದ್ಯಕ್ಕ ಇಡತಾರ. ಚಿತ್ರದಾಗ ಹೂವಿದ್ರ ಹೂವು, ಹಣ್ಣಿದ್ರ ಹಣ್ಣು. ನಾವು ಐವತ್ತ ವರ್ಷ ಒಂದು ಚಿತ್ರ ಗೋಡಿಗೆ ಹಾಕಿ, ಆಕಿ ಎಡಗೈಯಾಗ ಏನದ ಅಂತ ಕೇಳಿದ್ರ ತಡವರಿಸತೇವಿ!

ಇನ್ನೊಂದು ಕೇಳ್ರಿ, ಇದು ನಮ್ಮ ಗಾಣಗಾಪುರಕ್ಕ ನಡಕೊಳ್ಳೋರಿಗೆ. ಮೂರು ತಲಿ, ಆರು ಕೈ, ಹಿಂದ ಆಕಳಾ, ಕಾಲ ಹತ್ರ ನಾಲ್ಕು ನಾಯಿ, ನಮ್ಮ ದತ್ತಾತ್ರೇಯನ ಚಿತ್ರಪಟ ಅದಲ್ಲಾ, ಅದೂ ಅಲ್ಲೆ ಹೋಗ್ಯದ. ಅಲ್ಲಿನವರು ಅವನಿಗೆ ಡೆನ್ಸು ಅಂತಾರ. ಘಾನಾದಾಗ ಡೆನ್ಸು ಅಂತ ಒಂದು ಹೊಳಿನೂ ಅದ. ಈ ಡೆನ್ಸು ನೀರಿನ ಗಂಡು ದೇವರು, ಸಂಪತ್ತಿನ ಒಡೆಯ, ಮಾಮಿ ವಾಟಾನ ಯಜಮಾನ. ನಾವು ಭೀಮಾ ಅಮರ್ಜಾ ಸಂಗಮದಾಗ ಮುಳುಗಿ ಎದ್ದು ದತ್ತಪ್ಪನ ದರ್ಶನ ಮಾಡತೇವಿ. ಅವರು ಅದ ದತ್ತಪ್ಪನ್ನ ಹೊಳಿಯಪ್ಪ ಅಂತ ಕರದಾರ.

ಇದನ್ನ ಹೇಳಿದಾಗ ನಮ್ಮ ಓಣಿಯ ಒಬ್ಬ ವೈನಿ ನಕ್ಕರು. "ಪಾಪ, ಅವಕ್ಕ ತಿಳೀಲಿಲ್ಲ, ತಪ್ಪ ತಿಳಕೊಂಡು ಪೂಜಿ ಮಾಡಲಿಕತ್ತಾವ" ಅಂದ್ರು. ನಂಗೂ ಮೊದಲ ಹಂಗ ಅನಿಸಿತ್ತು. ಆಮ್ಯಾಲೆ ನಮ್ಮ ಲಕ್ಷ್ಮಿ ಚಿತ್ರದ ಮೂಲ ಹುಡುಕಿದೆ. ರಾಜಾ ರವಿವರ್ಮಾ 1894ರಾಗ ಮುಂಬೈಯೊಳಗ ಛಾಪಖಾನಿ ಹಾಕಿದಾಗ ಮಷೀನು ಜರ್ಮನಿದು, ನಡಸೋ ತಂತ್ರಜ್ಞರೂ ಜರ್ಮನಿಯವರು. ಮುಂದ ಸಾಲ ಹೆಚ್ಚಾಗಿ ಆ ಛಾಪಖಾನಿನ್ನ ಅಲ್ಲೇ ಕೆಲಸಕ್ಕಿದ್ದ ಶ್ಲೈಷರ್ ಅನ್ನೋ ಜರ್ಮನಿಯವಗ ಮಾರಿದ್ರು. ಇವತ್ತ ಕಣ್ಣು ಮುಚ್ಚಿದ್ರ ನಮ್ಮ ಮನಸ್ಸಿನ್ಯಾಗ ಬರೋ ಲಕ್ಷ್ಮಿ ಅಂದ್ರ ಕೆಂಪು ಸೀರಿ, ಕಮಲ, ಆನಿ. ಹಿಂಗ ಆಕಿ ಬಡವರ ಮನಿ ಗೋಡಿಗೂ ಬಂದದ್ದು ಆ ಮಷೀನಿನ ಪುಣ್ಯಾದಿಂದ. ಅದಕ್ಕೂ ಮೊದಲ ನಮ್ಮ ಮುತ್ತಜ್ಜಿಯಂದ್ರು ಲಕ್ಷ್ಮಿ ಅಂತ ಪೂಜಿ ಮಾಡತಿದ್ದದ್ದು ತಂಬಿಗಿಗೆ, ತಂಬಿಗಿಯೊಳಗಿನ ನೀರಿಗೆ, ಮ್ಯಾಲಿನ ತೆಂಗಿನಕಾಯಿಗೆ. ನೀರಿಗೆ ಮಾರಿ ಬರದವರು ಅವರಷ್ಟ ಅಲ್ಲ, ನಾವೂ ಬರದೇವಿ. ಅವರು ತಪ್ಪು, ನಾವು ಖರೇ ಅಂತ ಹೇಳಲಿಕ್ಕೆ ನಂಗ ಆಮ್ಯಾಲೆ ಬಾಯಿ ಬರಲಿಲ್ಲ. ಸಮುದ್ರ ಕಡದಾಗ ಹುಟ್ಟಿದಾಕಿ ಲಕ್ಷ್ಮಿ ಅಂತ ನಮ್ಮ ಪುರಾಣನೂ ಹೇಳತದ. ಒಂದ ಲೆಕ್ಕಕ್ಕ ಆ ಆಫ್ರಿಕಾದವರು ಆಕಿನ್ನ ತವರಮನಿಗೆ ಕಳಿಸ್ಯಾರ.

ಈ ನೀರವ್ವ ಅಲ್ಲೇ ನಿಲ್ಲಲಿಲ್ಲ. ಸುಮಾರು ಮೂರೂವರಿ ನೂರು ವರ್ಷ ಆ ಕಡಲ ದಂಡಿಯಿಂದ 1 ಕೋಟಿ 25 ಲಕ್ಷ ಮಂದಿನ್ನ ಗುಲಾಮರು ಅಂತ ಹಡಗಿನಾಗ ತುಂಬಿ ಅಮೇರಿಕಾ ಖಂಡಕ್ಕ ಒಯ್ದರು. ಅವರೊಳಗ ಸುಮಾರು 18 ಲಕ್ಷ ಮಂದಿ ದಾರಿಯೊಳಗ ಸತ್ತರು, ಅವರ ಹೆಣ ಸಮುದ್ರಕ್ಕ ಹೋದ್ವು. ಉಳದವರ ಕಡೆ ಅರಿವಿ ಇಲ್ಲ, ಭಾಂಡೆ ಇಲ್ಲ, ತಮ್ಮ ಹೆಸರೂ ಇಲ್ಲ. ತಮ್ಮ ನೀರಿನ ದೇವರನ್ನ ಮಾತ್ರ ತಲಿಯೊಳಗ ಇಟಗೊಂಡು ಹೋದ್ರು. ಡಚ್ಚರ ಸುರಿನಾಮ್‌ದಾಗ ಗುಲಾಮ ಹೆಣಮಕ್ಕಳು ನೀರವ್ವನ ಹೆಸರಿಲೆ ಕುಣಿತಿದ್ರು, ಮೈಮ್ಯಾಲೆ ಬರತಿತ್ತು. 1770ರ ದಶಕದಾಗ ಸರಕಾರ ಆ ಕುಣತಕ್ಕ ಬಂದಿ ಹಾಕಿತು. ದೇವರು ಬಂದ ಮೈ ಮಾಲಕರ ಮಾತು ಕೇಳಂಗಿಲ್ಲ ನೋಡ್ರಿ, ಅದರ ಹೆದರಿಕಿ ಅವರಿಗೆ.

ಬಂದಿ ಹಾಕಿದ್ರೂ ಆಕಿ ಉಳದ್ಲು. ಹೈಟಿಯೊಳಗ ಲಸಿರೆನ್ ಅಂತಾರ. ಡೊಮಿನಿಕನ್ ಗಣರಾಜ್ಯದಾಗ ಸಾಂತಾ ಮಾರ್ತಾ ಅಂತ ಪೂಜಿ ಮಾಡತಾರ, ಅಲ್ಲೆ ಗೋಡಿ ಮ್ಯಾಲಿನ ಚಿತ್ರ ಮತ್ತ ನಮ್ಮ ಹ್ಯಾಂಬರ್ಗಿನ ಹಾವಿನ ಹೆಂಗಸಿಂದs. ಬ್ರೆಜಿಲ್‌ದಾಗ ಯೊರುಬಾ ಮಂದಿಯ ಯೆಮೊಜಾ ಅನ್ನೋ ಹೊಳಿ ದೇವತಿ ಇಮಾಂಜಾ ಆಗಿ ಸಮುದ್ರದ ರಾಣಿ ಆದ್ಲು. ಯೆಮೊಜಾ ಅಂದ್ರ ಮೀನು ಮಕ್ಕಳ ಅವ್ವ ಅಂತ ಅರ್ಥ. ಸಾಲ್ವಡೋರ್ ಊರಾಗ ಫೆಬ್ರವರಿ 2ಕ್ಕ ಮೀನಗಾರರು ದೊಡ್ಡ ದೊಡ್ಡ ಬುಟ್ಟಿ ತುಂಬಿ ದೋಣಿಯೊಳಗ ಒಯ್ದು ಸಮುದ್ರಕ್ಕ ಬಿಡತಾರ. ಬುಟ್ಟಿಯೊಳಗ ಏನಿರತದ ಅಂತ ಕೇಳ್ರಿ. ಹೂವು, ಅತ್ತರಾ, ಕನ್ನಡಿ, ಹಣಿಗಿ, ಒಡವಿ.

ನಂಗ ಮೈ ಜುಮ್ ಅಂತು. ನಮ್ಮ ಮರದ ಬಾಗಿನದಾಗ ಏನಿರತದ? ಅರಿಷಿಣ, ಕುಂಕುಮ, ಬಳಿ, ಕನ್ನಡಿ, ಹಣಿಗಿ. ಕೃಷ್ಣರಾಜಸಾಗರ ತುಂಬಿದಾಗ ಮುಖ್ಯಮಂತ್ರಿ ಹೋಗಿ ಕಾವೇರಿಗೆ ಬಿಡೋದೂ ಬಾಗಿನನ. ಟೀವ್ಯಾಗ ನೀವೂ ನೋಡೀರಿ. ಯಾರು ಯಾರಿಂದ ಕಲತ್ರು ಅನ್ನೋ ಮಾತಲ್ಲ ಇದು, ಬ್ರೆಜಿಲ್ ಎಲ್ಲೋ, ನಾವೆಲ್ಲೋ. ನಿಂತ ನೀರಿನ್ಯಾಗ ಮಾರಿ ಕಾಣತದ. ಅದ ಮೊದಲನೇ ಕನ್ನಡಿ. ನೀರ ತರಲಿಕ್ಕೆ ಹೋದಾಕಿ ಬಗ್ಗಿದಾಗ ಎದುರಿಗೆ ಇನ್ನೊಬ್ಬಾಕಿ ಕಂಡಾಳ. ನೀರು ತರೋ ಕೆಲಸ ಎಲ್ಲಾ ದೇಶದಾಗೂ ಹೆಣಮಕ್ಕಳದs ಆಗಿತ್ತಲ್ಲಾ. ಆ ಎದುರಿಗಿನಾಕಿ ಹೆಂಗಸಾಗಲಾರದ ಮತ್ತೇನಾಗತಾಳ?

ಈಗ ಮಕ್ಕಳ ಮಾತಿಗೆ ಬರತೇನಿ. ನೈಜೀರಿಯಾದ ಆಗ್ನೇಯಕ್ಕ ಓಗುಟಾ ಅಂತ ಒಂದು ಊರು, ದೊಡ್ಡ ಕೆರಿ. ಕೆರಿ ದೇವತಿ ಹೆಸರು ಒಗ್ಬುಯಿಡೆ, ಉಹಮಿರಿ ಅಂತನೂ ಕರೀತಾರ. ಬಾಜೂಕ ಉರಾಶಿ ಅನ್ನೋ ಹೊಳಿ, ಅವಾ ಆಕಿಯ ಗಂಡ. ಎರಡೂ ಕೂಡೋ ಕಡೆ ಕೆರಿ ನೀರು ತಿಳಿ, ಹೊಳಿ ನೀರು ಕೆಂಪು, ಬ್ಯಾರೆಬ್ಯಾರೆನs ಕಾಣತಾವ. ಗಂಡ ಹೆಂಡತಿ ಅಂದ್ರ ಹಂಗ, ಕೂಡಿದ್ರೂ ಬಣ್ಣ ಬ್ಯಾರೆ!

ಆ ಊರಾಗ 1931ರಾಗ ಫ್ಲೋರಾ ನ್ವಾಪಾ ಅಂತ ಒಬ್ಬಾಕಿ ಹುಟ್ಟಿದ್ಲು. 1966ರಾಗ ಎಫುರು ಅಂತ ಕಾದಂಬರಿ ಬರದ್ಲು. ಆಫ್ರಿಕಾದ ಕರೀ ಹೆಣಮಗಳು ಇಂಗ್ಲೀಷಿನ್ಯಾಗ ಬರದು ಲಂಡನ್ನಿನ್ಯಾಗ ಅಚ್ಚಾದ ಮೊದಮೊದಲ ಕಾದಂಬರಿಗಳೊಳಗ ಅದೊಂದು. ಎಫುರು ಅದರ ನಾಯಕಿ. ರೂಪವಂತಿ, ಶ್ಯಾಣ್ಯಾಕಿ, ಕೈ ಹಚ್ಚಿದ ವ್ಯಾಪಾರ ಎಲ್ಲಾ ಕೈಗೂಡತದ. ಒಂದ ಮಗಳು ಹುಟ್ಟತದ, ಅದೂ ಸಾಯತದ. ಗಂಡ ಬಿಟ್ಟ ಹೋಗತಾನ. ಎರಡನೇ ಲಗ್ನ ಆಗತದ, ಮಕ್ಕಳಾಗಂಗಿಲ್ಲ. ಊರಿನವರ ಮಾತು ಹೆಂಗಿರತಾವ ಅಂತ ನಿಮಗ ನಾ ಹೇಳೋದು ಬ್ಯಾಡ. ಹಂತಾದರಾಗ ಎಫುರುಗೆ ಕನಸು ಬೀಳತದ. ಕೆರಿ ಕೆಳಗ ಒಬ್ಬಾಕಿ ಕೂತಾಳ, ಕೂದಲಾ ಹಿಕ್ಕೋತಾಳ, ಇಕಿನ್ನ ಕರದು ತನ್ನ ಸಂಪತ್ತೆಲ್ಲಾ ತೋರಸತಾಳ. ಕೇಳಿದ್ರ, ಉಹಮಿರಿ ನಿನ್ನ ಆರಿಸಿಕೊಂಡಾಳ ಅಂತಾರ. ಎಫುರು ಆಕಿಯ ವ್ರತ ಹಿಡೀತಾಳ. ಇಗ್ಬೋ ಮಂದಿಗೆ ವಾರಕ್ಕ ನಾಕ ದಿನ, ಅದರಾಗ ಓರಿಯೆ ಅನ್ನೋದು ಉಹಮಿರಿಯ ದಿನ, ನಮ್ಮ ಶುಕ್ರವಾರ ಇದ್ದಂಗ. ಅವತ್ತ ಬಿಳೇ ಅರಿವಿ ಉಡಬೇಕು, ಗಂಡನ ಬಾಜೂಕ ಮಲಗಬಾರದು.

ಆಕಿ ಎಫುರುಗೆ ಎಲ್ಲಾ ಕೊಡತಾಳ, ಕೂಸು ಒಂದ ಕೊಡಂಗಿಲ್ಲ. ಕಡೀಕ ಎರಡನೇ ಗಂಡನ್ನೂ ಬಿಟ್ಟು ಎಫುರು ತವರಮನಿಗೆ ಬರತಾಳ. ಕಾದಂಬರಿ ಮುಗಿಯೋದು ಒಂದು ಪ್ರಶ್ನೆದಿಂದ. ಕೆರಿಯ ಆ ದೇವತಿಗೂ ಮಕ್ಕಳಿಲ್ಲ, ತಾಯಿ ಆದ ಸುಖ ಆಕಿಗೇ ಗೊತ್ತಿಲ್ಲ, ಮತ್ತ ಹೆಣಮಕ್ಕಳು ಆಕಿನ್ನ ಯಾಕ ಪೂಜಿ ಮಾಡತಾರ ಅಂತ. ಉತ್ತರಾ ಬರದಿಲ್ಲ.

ಮಾಮಿ ವಾಟಾ ಅಂದ್ರ ಎಲ್ಲಾ ಒಳ್ಳೇದ ಅಂತ ಹೇಳಂಗಿಲ್ಲ. ಒಬ್ಬ ಹೆಣಮಗಳು ಗಂಡ ಇಲ್ಲದ ರೊಕ್ಕ ಗಳಿಸಿದ್ರ, ಇಕಿ ತನ್ನ ಹೊಟ್ಟಿ ಕೂಸಿನ್ನ ನೀರವ್ವಗ ಕೊಟ್ಟು ಆ ರೊಕ್ಕ ತಂದಾಳ ಅಂತ ಆಡಿಕೊಳ್ಳೋದೂ ಅಲ್ಲೆ ಅದ. ಈಗಿನ ಎಷ್ಟೋ ಚರ್ಚಿನ ಪಾದ್ರಿಗಳು ಆಕಿ ದೇವತಿನ ಅಲ್ಲ, ದೆವ್ವ ಅಂತ ಸಾರತಾರ. ಅವರು ಏನರ ಅನ್ನಲಿ, ಒಂದು ಮಾತಿಗೆ ನಾ ತಲಿ ಬಾಗಸತೇನಿ. ಮಡಲಾಗ ಕೂಸಿಲ್ಲದಾಕಿನ್ನ ಆ ನೀರು ತಾನಾಗಿ ಕರದು ಮುಂದ ಕೂಡಸಿತು.

ನಮ್ಮಲ್ಲೆ ಹ್ಯಾಂಗದ ಅಂದ್ರ, ಬಾಣಂತಿ ಮೊದಲನೇ ಸಲ ಹೊರಗ ಬಂದಾಗ ಬಾವಿಗೆ ಹೋಗಿ ಗಂಗವ್ವನ ಪೂಜಿ ಮಾಡತಾಳ. ಬಾವಿ ಕಟ್ಟಿಗೆ ಅರಿಷಿಣ ಕುಂಕುಮ ಹಚ್ಚಿ, ಖಣಾ ಏರಿಸಿ, ಉಡಿ ತುಂಬಿ, ಸುಣ್ಣ ಅರಿಷಿಣ ಕೂಡಿಸಿದ ಆರತಿ ಎತ್ತಿ. ನಂಗ ಹತ್ತ ವರ್ಷ ಇದ್ದಾಗಿನ ಮಾತು, ನಮ್ಮವ್ವ ನಮ್ಮ ತಮ್ಮನ್ನ ಹಡದಿದ್ಲು. ಹಿತ್ತಲ ಬಾವಿ ಹತ್ರ ಓಣಿ ಹೆಣಮಕ್ಕಳೆಲ್ಲಾ ಕೂಡಿದ್ರು. ಆ ಬಾಣಂತನದಾಗ ಮೂರು ತಿಂಗಳಾ ಕೂಸಿಗೆ ಎರಿದದ್ದು, ಅವ್ವಗ ಖಾರ ಅರದದ್ದು, ರಾತ್ರಿ ಎದ್ದದ್ದು ಎಲ್ಲಾ ಅತ್ಯಾನ. ಪೂಜಿ ಸಾಮಾನು ಹೊಂದಿಸಿದಾಕಿನೂ ಅತ್ಯಾ. ಆರತಿ ಹೊತ್ತಿಗೆ ನಾ ತಿರುಗಿ ನೋಡಿದ್ರ ಅತ್ಯಾ ಹಿಂದ ಬಟ್ಟಿ ಒಗಿಯೋ ಕಲ್ಲಿನ ಹತ್ರ ನಿಂತಿದ್ಲು. "ಅತ್ಯಾ, ಮುಂದ ಬಾ" ಅಂತ ಕರದೆ. ಒಬ್ಬರು ಹಿರೇರು ನನ್ನ ಕೈ ಜಿಗುಟಿದ್ರು. ಯಾರೂ ಏನೂ ಅನ್ನಲಿಲ್ಲ. ಅತ್ಯಾ ಸುಮ್ಮನ ನಕ್ಕು ಒಳಗ ಹೋಗಿ ಕೂಸಿನ ತೊಟ್ಟಲಾ ತೂಗಲಿಕತ್ತಿದ್ಲು.

ಅಂದಿನಿಂದ ಎಷ್ಟು ಬಾಣಂತನ ಮಾಡ್ಯಾಳೋ ಆಕಿ. ನನ್ನವ ಎರಡೂ ಆಕಿನ ಮಾಡಿದ್ಲು. ನಾ ಹಡದಾಗೂ ಗಂಗಿ ಪೂಜಿಯೊಳಗ ಆಕಿ ಹಿಂದ ನಿಂತ್ಲು, ನಾನೂ ಬಾಯಿ ಮುಚಗೊಂಡು ಸುಮ್ಮನಿದ್ದೆ. ಆ ತಪ್ಪು ನಂದು.

ಹೋದ ತಿಂಗಳಾ ಆಕಿ ಮನಿಗೆ ಹೋದಾಗ ಈ ಕಥಿ ಎಲ್ಲಾ ಹೇಳಿದೆ. ಮಾಮಾ ಪಡಸಾಲ್ಯಾಗ ಪೇಪರ್ ಓದಕೋತ ಕೂತಿದ್ರು. ಅತ್ಯಾ ಅವರೀಕಾಯಿ ಸುಲಿಯೋದು ಬಿಡಲಾರದ ಎಲ್ಲಾ ಕೇಳಿದ್ಲು. ಹ್ಯಾಂಬರ್ಗು, ಮುಂಬೈ, ಬ್ರೆಜಿಲ್, ಎಫುರು. ತನ್ನ ಲಕ್ಷ್ಮಿನ್ನ ಒಂದು ಸಲ ತಿರುಗಿ ನೋಡಿದ್ಲು. ಆಮ್ಯಾಲೆ ಕೇಳಿದ್ಲು, "ಆ ಕೆರ್‍ಯಾಗಿನಾಕಿಗೆ ಮಕ್ಕಳಿಲ್ಲ ಅಂದ್ಯಲ್ಲಾ, ಆಕಿಗೆ ಉಡಿ ಯಾರು ತುಂಬತಾರ?"

ನಾ ಏನು ಹೇಳಲಿ? "ಎಲ್ಲಾರೂ ತುಂಬತಾರ ಅತ್ಯಾ" ಅಂದೆ. ಆಕಿ ಮತ್ತ ಅವರೀಕಾಯಿ ಸುಲೀಲಿಕ್ಕೆ ಹತ್ತಿದ್ಲು.

ಈಗ ವಿಷಯಕ್ಕ ಬರತೇನಿ. ನಮ್ಮ ತಮ್ಮನ ಮಗಳು ಹಡದಾಳ, ಹೆಣ್ಣು ಕೂಸು, ಇಬ್ಬರೂ ಆರಾಮ ಇದ್ದಾರ. ಬರೋ ಶುಕ್ರವಾರ ಗಂಗಿ ಪೂಜಿ. ಹಿತ್ತಲ ಬಾವಿ ಮುಚ್ಚಿ ಎಷ್ಟೋ ವರ್ಷ ಆತು, ಅಲ್ಲೆ ಈಗ ಕಾರ್ ನಿಲ್ಲಸತಾರ. ಪೂಜಿ ಅಂಗಳದಾಗಿನ ನಳಕ್ಕ. ನಳ ಆದ್ರೇನು, ಗಂಗವ್ವ ಗಂಗವ್ವನ. ಮೊದಲನೇ ಕುಂಕುಮ ಅತ್ಯಾನ ಹಚ್ಚಬೇಕು ಅಂತ ನಾ ತಮ್ಮನ ಹೆಂಡತಿಗೆ ಹೇಳಿದೆ. ಆಕಿ ಒಂದು ಗಳಿಗಿ ಸುಮ್ಮನಾದ್ಲು, "ಮಂದಿ ಏನರ ಅಂದ್ರ ಅಕ್ಕಾ?" ಅಂದ್ಲು. ಬಾಣಂತಿ ಒಳಗಿಂದನ ಒದರಿದ್ಲು, "ಅಂದ್ರ ಅನ್ಲಿ! ನಂಗ ಎರಿಯೋದು ಅಜ್ಜಿನ ಅಲ್ಲೇನು?"

ಹಂಗಾಗಿ ಓಣಿಯವರು, ಬೀಗರು, ಎಲ್ಲಾರೂ ಶುಕ್ರವಾರ ಮುಂಜಾನೆ ಹತ್ತಕ್ಕ ಬರಬೇಕು. ಬಂದು ಅತ್ಯಾನ ಹಿಂದ ನಿಲ್ಲಬೇಕು. ಆಕಿಗೆ ನಿನ್ನಿ ಫೋನ್ ಮಾಡಿ ಹೇಳೇನಿ. ಭಾಳ ಹೊತ್ತು ಆ ಕಡೆಯಿಂದ ಮಾತ ಬರಲಿಲ್ಲ. ಲೈನ್ ಕಟ್ ಆತೇನೋ ಅಂದುಕೊಂಡೆ. ಆಮ್ಯಾಲೆ ಕೇಳಿದ್ಲು, "ಗಂಗವ್ವಗ ಖಣಾ ನಾನ ತರತೇನಿ. ಹಸರಂದ ತರಲೋ, ಕೆಂಪಂದ ತರಲೋ?"